ಕದ ತೆರೆದ ಕೈಗಳು

ಸರ್ವಾಧಿಕಾರಿ ಎಂದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ನಿಲ್ಲುತ್ತದೆ. ಸೈನ್ಯವನ್ನು ಬೆನ್ನಿಗಿಟ್ಟುಕೊಂಡು, ಕೋಟೆಯ ಬಾಗಿಲನ್ನು ಒಡೆದು, ತಡೆಯಬಂದವರನ್ನು ತರಿದು ಸಿಂಹಾಸನವನ್ನೇರಿದ ಒಬ್ಬ ಕ್ರೂರಿಯ ಚಿತ್ರ ಅದು. ಇಂಥವನು ಬಂದೆರಗಿದರೆ ಬಡಪಾಯಿ ಜನ ಮಾಡುವುದಾದರೂ ಏನು ಎಂದು ನಾವು ಮರುಗುತ್ತೇವೆ. ಅದರ ಜೊತೆಗೆ, ನಮ್ಮ ಕಾಲದಲ್ಲಿ, ನಮ್ಮ ನಾಡಿನಲ್ಲಿ ಅಂಥದು ನಡೆಯಲಾರದೆಂದು ಸಮಾಧಾನವನ್ನೂ ತಂದುಕೊಳ್ಳುತ್ತೇವೆ. ಆ ಮರುಕವೂ ಈ ಸಮಾಧಾನವೂ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಇಟಲಿಯ ಬೆನಿಟೊ ಮುಸೊಲಿನಿಯಾಗಲಿ ಜರ್ಮನಿಯ ಅಡಾಲ್ಫ್ ಹಿಟ್ಲರನಾಗಲಿ ಬಾಗಿಲು ಒಡೆದು ಒಳಗೆ ಬಂದವರಲ್ಲ. ಅವರು ಬಾಗಿಲ ಮುಂದೆ ನಿಂತು ಗದ್ದಲವೆಬ್ಬಿಸಿದ್ದು ನಿಜ. ಆದರೆ ಅಗುಳಿಯನ್ನು ಸರಿಸಿ ಅವರನ್ನು ಬರಮಾಡಿಕೊಂಡವರು ಮನೆಯೊಳಗೇ ಇದ್ದರು. ಹಾಗೆ ಕದ ತೆರೆದ ಕೈಗಳು ಯಾರವು, ಅವು ಏಕೆ ತೆರೆದವು ಎಂಬುದನ್ನು ಅರಿಯದೆ ಹೋದರೆ ಆ ಕಾಲದ ಇತಿಹಾಸವನ್ನು ಓದಿಯೂ ಓದದಂತಾಗುತ್ತದೆ.

1918ರ ನವೆಂಬರ್ 11ರಂದು ಮೊದಲನೆಯ ಮಹಾಯುದ್ಧವು ಮುಗಿದಾಗ ಯುರೋಪಿನಲ್ಲಿ ಪ್ರಜಾಪ್ರಭುತ್ವದ ಸುಗ್ಗಿಯೇ ಬಂದಂತೆ ತೋರಿತು. ರಷ್ಯ, ಜರ್ಮನಿ, ಆಸ್ಟ್ರಿಯಗಳ ಚಕ್ರವರ್ತಿಗಳು ಪದಚ್ಯುತರಾಗಿದ್ದರು. ಹೊಸ ಗಣರಾಜ್ಯಗಳು ಹುಟ್ಟಿದವು, ಹೊಸ ಸಂವಿಧಾನಗಳು ರಚಿತವಾದುವು. ಜರ್ಮನಿಯೇ ಮೊದಲಾದ ಹಲವು ದೇಶಗಳಲ್ಲಿ ಸ್ತ್ರೀಯರಿಗೂ ಮತದಾನದ ಹಕ್ಕು ದೊರೆಯಿತು. ಆದರೆ ಇಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ ಈ ಬೆಳೆ ಬಹುಮಟ್ಟಿಗೆ ಒಣಗಿಹೋಯಿತು. ಇಟಲಿ, ಪೋಲೆಂಡ್, ಪೋರ್ಚುಗಲ್, ಜರ್ಮನಿ, ಆಸ್ಟ್ರಿಯ, ಗ್ರೀಸ್, ಸ್ಪೇನ್ ಹೀಗೆ ಒಂದಾದ ಮೇಲೊಂದು ದೇಶ ನಿರಂಕುಶ ಆಳ್ವಿಕೆಗೆ ಒಳಗಾಯಿತು. ಈ ಆಳ್ವಿಕೆಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. ಅವುಗಳಲ್ಲಿ ಇಟಲಿಯಲ್ಲಿ ಹುಟ್ಟಿ, ಜರ್ಮನಿಯಲ್ಲಿ ಅತಿ ಘೋರವಾದ ರೂಪವನ್ನು ತಾಳಿದ ಪಂಥವನ್ನು ಫ್ಯಾಸಿಸಂ ಎಂದು ಕರೆಯುತ್ತಾರೆ. ಕೋಲುಗಳ ಕಟ್ಟು ಎಂಬ ಅರ್ಥದ ಮಾತಿನಿಂದ ಬಂದ ಹೆಸರು ಇದು. ಕೊಡಲಿಯೊಡನೆ ಬಿಗಿದ ಕೋಲಿನ ಕಟ್ಟು ಪ್ರಾಚೀನ ರೋಮಿನಲ್ಲಿ ಅಧಿಕಾರದ ಲಾಂಛನವಾಗಿತ್ತು. ರಾಷ್ಟ್ರವೇ ಸರ್ವಸ್ವ, ನಾಯಕನ ನುಡಿಯೇ ಶಾಸನ, ಭಿನ್ನಾಭಿಪ್ರಾಯವೇ ದ್ರೋಹ ಎಂಬ ಮೂರು ಮಾತುಗಳಲ್ಲಿ ಅದರ ತಿರುಳನ್ನು ಹೇಳಿಬಿಡಬಹುದು.

ಮೊದಲು ಇಟಲಿಯನ್ನು ನೋಡೋಣ. ಯುದ್ಧದಲ್ಲಿ ಗೆದ್ದ ಪಕ್ಷದಲ್ಲಿದ್ದರೂ ಆ ನಾಡಿನ ಜನಕ್ಕೆ ಗೆಲುವಿನ ಸಂತೋಷವಿರಲಿಲ್ಲ. ಸುಮಾರು 6 ಲಕ್ಷ ಯೋಧರು ಮಡಿದಿದ್ದರು. ಬಯಸಿದ ಪ್ರದೇಶಗಳೆಲ್ಲ ಸಂಧಾನದಲ್ಲಿ ದಕ್ಕಲಿಲ್ಲ. ಬೆಲೆಗಳು ಏರಿದವು, ರಣರಂಗದಿಂದ ಮರಳಿದವರಿಗೆ ಕೆಲಸ ಸಿಗಲಿಲ್ಲ. 1920ರ ಸೆಪ್ಟೆಂಬರಿನಲ್ಲಿ ಉತ್ತರ ಇಟಲಿಯ ಕಾರ್ಮಿಕರು ಕಾರ್ಖಾನೆಗಳನ್ನೇ ವಶಪಡಿಸಿಕೊಂಡರು. ರಷ್ಯದಲ್ಲಿ 1917ರಲ್ಲಿ ನಡೆದ ಕ್ರಾಂತಿ ತಮ್ಮಲ್ಲಿಯೂ ನಡೆದೀತೆಂದು ಜಮೀನ್ದಾರರೂ ಕಾರ್ಖಾನೆಯ ಒಡೆಯರೂ ನಡುಗಿದರು. ಈ ಭಯವೇ ಮುಸೊಲಿನಿಯ ಬಂಡವಾಳವಾಯಿತು.

ಮುಸೊಲಿನಿ ಒಬ್ಬ ಕಮ್ಮಾರನ ಮಗ, ಮೊದಲು ಸಮಾಜವಾದಿ ಪತ್ರಿಕೆಯ ಸಂಪಾದಕ. ಯುದ್ಧವನ್ನು ಬೆಂಬಲಿಸಿದ್ದಕ್ಕಾಗಿ 1914ರಲ್ಲಿ ಅವನ ಪಕ್ಷವೇ ಅವನನ್ನು ಹೊರಹಾಕಿತು. 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ಅವನು ತನ್ನ ಹೊಸ ಸಂಘವನ್ನು ಸ್ಥಾಪಿಸಿದನು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಆ ಸಂಘಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಜನ ಅವನನ್ನು ಕಣ್ಣೆತ್ತಿ ನೋಡದೆ ಕಳುಹಿಸಿಬಿಟ್ಟಿದ್ದರು. ಹೀಗೆ ಸೋತವನನ್ನು ಎತ್ತಿ ನಿಲ್ಲಿಸಿದವರು ಯಾರು? ಮುಸೊಲಿನಿಯ ಕರಿಯಂಗಿ ದಳದವರು ಹಳ್ಳಿಹಳ್ಳಿಗೆ ನುಗ್ಗಿ ರೈತಸಂಘಗಳ ಕಛೇರಿಗಳಿಗೆ ಬೆಂಕಿಯಿಟ್ಟರು. ಎದುರಾಳಿಗಳನ್ನು ದೊಣ್ಣೆಗಳಿಂದ ಬಡಿದು, ಬಲಾತ್ಕಾರವಾಗಿ ಹರಳೆಣ್ಣೆಯನ್ನು ಕುಡಿಸಿ ಅವಮಾನಪಡಿಸಿದರು. ಈ ದಳಗಳಿಗೆ ಜಮೀನ್ದಾರರು ಹಣ ಕೊಟ್ಟರು. ಪೊಲೀಸರು ಬಹಳ ಕಡೆ ನೋಡಿಯೂ ನೋಡದಂತಿದ್ದರು. ಐದು ಬಾರಿ ಪ್ರಧಾನಮಂತ್ರಿಯಾಗಿದ್ದ ಜೊವಾನಿ ಜೊಲಿಟ್ಟಿ ಎಂಬ ಅನುಭವಿ ಮುತ್ಸದ್ದಿ, ಸಮಾಜವಾದಿಗಳನ್ನು ಕುಗ್ಗಿಸಲು ಈ ಜನ ಉಪಯೋಗಕ್ಕೆ ಬರುತ್ತಾರೆಂದೂ, ಸಂಸತ್ತಿನೊಳಗೆ ಕೂತರೆ ತಾವಾಗಿಯೇ ಸೌಮ್ಯರಾಗುತ್ತಾರೆಂದೂ ಎಣಿಸಿ 1921ರ ಚುನಾವಣೆಯಲ್ಲಿ ಅವರನ್ನು ತನ್ನ ಕೂಟದೊಳಕ್ಕೆ ಸೇರಿಸಿಕೊಂಡನು. 35 ಮಂದಿ ಫ್ಯಾಸಿಸ್ಟರು ಆಯ್ಕೆಯಾದರು. ಅಗುಳಿ ಸರಿದದ್ದು ಆಗಲೇ.

1922ರ ಅಕ್ಟೋಬರಿನಲ್ಲಿ ಸಾವಿರಾರು ಕರಿಯಂಗಿಗಳು ರಾಜಧಾನಿಯಾದ ರೋಮಿನತ್ತ ಹೊರಟರು. ಮುಂದೆ ಇದನ್ನು ಒಂದು ಮಹಾದಂಡಯಾತ್ರೆಯೆಂದು ಫ್ಯಾಸಿಸ್ಟರು ಹಾಡಿ ಹೊಗಳಿದರು. ವಾಸ್ತವವಾಗಿ ಅವರಲ್ಲಿ ಹಲವರ ಕೈಯಲ್ಲಿ ಸರಿಯಾದ ಆಯುಧವೂ ಇರಲಿಲ್ಲ. ರೋಮಿನಲ್ಲಿದ್ದ ಸೇನೆಯ ಮುಂದೆ ಅವರು ನಿಲ್ಲುವಂತಿರಲಿಲ್ಲ. ಪ್ರಧಾನಮಂತ್ರಿ ಫಾಕ್ಟ ಸೇನಾಶಾಸನವನ್ನು ಘೋಷಿಸುವ ಆಜ್ಞಾಪತ್ರವನ್ನು ಸಿದ್ಧಪಡಿಸಿ, ಅಕ್ಟೋಬರ್ 28ರ ಬೆಳಗ್ಗೆ ದೊರೆ ಮೂರನೆಯ ವಿಕ್ಟರ್ ಇಮಾನ್ಯುಯೆಲನ ಮುಂದಿಟ್ಟನು. ದೊರೆ ಸಹಿ ಹಾಕಲು ಒಪ್ಪಲಿಲ್ಲ. ಒಂದು ರುಜು ಬಿದ್ದಿದ್ದರೆ ಅಂದೇ ಮುಗಿಯಬಹುದಾಗಿದ್ದ ಕಥೆ ಅದರಿಂದ ಆರಂಭವಾಯಿತು. ದಂಡಯಾತ್ರೆಯ ನಾಯಕನಾದ ಮುಸೊಲಿನಿ ನಡೆದುಬಂದವರ ನಡುವೆ ಇರಲೇ ಇಲ್ಲ. ಅವನು ದೂರದ ಮಿಲಾನಿನಲ್ಲಿದ್ದು, ದೊರೆಯ ಕರೆ ಬಂದ ಮೇಲೆ ರಾತ್ರಿಯ ರೈಲಿನಲ್ಲಿ ಕುಳಿತು ಅಕ್ಟೋಬರ್ 30ರಂದು ರೋಮಿಗೆ ಬಂದಿಳಿದು ಪ್ರಧಾನಮಂತ್ರಿಯಾದನು. 500ಕ್ಕೂ ಹೆಚ್ಚು ಸದಸ್ಯರ ಸಭೆಯಲ್ಲಿ ಅವನ ಪಕ್ಷದವರು 35 ಮಂದಿ ಮಾತ್ರ. ಆದರೂ ಆ ಸಭೆ 116ರ ಎದುರು 306 ಮತಗಳಿಂದ ಅವನಲ್ಲಿ ವಿಶ್ವಾಸವನ್ನು ಸೂಚಿಸಿತು.

ಮುಂದಿನದು ಇಳಿಜಾರಿನ ಹಾದಿ. 1923ರಲ್ಲಿ ಚುನಾವಣೆಯ ಶಾಸನವನ್ನೇ ತಿದ್ದಿ, ಎಲ್ಲರಿಗಿಂತ ಹೆಚ್ಚು ಮತ ಪಡೆದ ಪಕ್ಷಕ್ಕೆ, ಆ ಮತ ನಾಲ್ಕರಲ್ಲೊಂದು ಪಾಲನ್ನು ಮುಟ್ಟಿದ್ದರೆ ಸಾಕು, ಮೂರರಲ್ಲೆರಡು ಪಾಲು ಸ್ಥಾನಗಳೆಂದು ವಿಧಿಸಲಾಯಿತು. 1924ರ ಚುನಾವಣೆಯಲ್ಲಿ ನಡೆದ ಹಿಂಸೆ ಮೋಸಗಳನ್ನು ಜಾಕೊಮೊ ಮಟ್ಟಿಯೊಟ್ಟಿ ಎಂಬ ಸಮಾಜವಾದಿ ಸದಸ್ಯನು ಮೇ 30ರಂದು ಸಭೆಯಲ್ಲಿ ನಿರ್ಭಯವಾಗಿ ಬಯಲಿಗೆಳೆದನು. ಜೂನ್ 10ರಂದು ಫ್ಯಾಸಿಸ್ಟರು ಅವನನ್ನು ಅಪಹರಿಸಿ ಕೊಂದರು. ದೇಶವೆಲ್ಲ ಕಂಪಿಸಿತು. ಮುಸೊಲಿನಿಯ ಆಸನ ಅಲುಗಾಡಿತು. ಆದರೆ ನೂರಕ್ಕೂ ಹೆಚ್ಚು ಮಂದಿ ವಿರೋಧಿ ಸದಸ್ಯರು ಸಭೆಯನ್ನು ಬಹಿಷ್ಕರಿಸಿ ಹೊರಗೆ ಉಳಿದರೇ ಹೊರತು ಬೇರೆ ದಾರಿಯನ್ನು ಕಾಣಲಿಲ್ಲ. ದೊರೆ ಆಗಲೂ ಮೌನವಾಗಿದ್ದನು. 1925ರ ಜನವರಿ 3ರಂದು ಮುಸೊಲಿನಿ ಸಭೆಯಲ್ಲಿಯೇ ನಿಂತು, ನಡೆದುದಕ್ಕೆಲ್ಲ ತಾನೇ ಹೊಣೆಯೆಂದು ಸವಾಲೆಸೆದನು. ಆ ಸವಾಲನ್ನು ಸ್ವೀಕರಿಸುವ ಶಕ್ತಿ ಯಾರಲ್ಲಿಯೂ ಉಳಿದಿರಲಿಲ್ಲ. 1926ರ ಕೊನೆಯ ಹೊತ್ತಿಗೆ ಉಳಿದ ಪಕ್ಷಗಳೆಲ್ಲ ನಿಷಿದ್ಧವಾದುವು. 1931ರಲ್ಲಿ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರೆಲ್ಲರೂ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣವನ್ನು ಮಾಡಬೇಕೆಂದಾದಾಗ, ಸುಮಾರು 1,200 ಮಂದಿಯಲ್ಲಿ ಒಲ್ಲೆವೆಂದವರು ಹನ್ನೆರಡು ಮಂದಿಯ ಆಸುಪಾಸು. ವಿದ್ಯೆ ಇದ್ದಲ್ಲಿ ಧೈರ್ಯ ಇದ್ದೇ ಇರುತ್ತದೆಂದು ನಂಬುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ಜರ್ಮನಿಯ ಕಥೆ ಇನ್ನೂ ಬೋಧಪ್ರದವಾದುದು. ಸೋಲಿನ ಅವಮಾನ, ವರ್ಸೇಲ್ಸ್ ಒಪ್ಪಂದದ ಕಠಿಣವಾದ ಷರತ್ತುಗಳು, 1923ರಲ್ಲಿ ಒಂದು ಡಾಲರಿಗೆ ಲಕ್ಷಾಂತರ ಕೋಟಿ ಮಾರ್ಕುಗಳನ್ನು ತೆರಬೇಕಾಗಿ ಬಂದ ಹಣದುಬ್ಬರ, 1929ರ ಬಳಿಕ ಜಗತ್ತನ್ನೆಲ್ಲ ಕವಿದ ಆರ್ಥಿಕ ಮುಗ್ಗಟ್ಟು, ಇವು ಹಿಟ್ಲರನ ಏಳಿಗೆಗೆ ಕಾರಣವೆಂದು ನಾವು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಇದು ಸುಳ್ಳಲ್ಲ. 1928ರಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಮೂರೂ ಇರಲಿಲ್ಲ, ಸ್ಥಾನಗಳು 12. ಮುಗ್ಗಟ್ಟು ಬಂದ ಮೇಲೆ 1930ರಲ್ಲಿ ಅವು 107ಕ್ಕೆ ಏರಿದವು. ನಿರುದ್ಯೋಗಿಗಳ ಸಂಖ್ಯೆ 60 ಲಕ್ಷವನ್ನು ಮುಟ್ಟಿದ 1932ರಲ್ಲಿ, ಜುಲೈ ತಿಂಗಳ ಚುನಾವಣೆಯಲ್ಲಿ, ಅವು 230 ಆದುವು. ಹಸಿದ ಹೊಟ್ಟೆ ಕೋಪದ ಮಾತಿಗೆ ಬೇಗ ಕಿವಿಗೊಡುತ್ತದೆ. ಎಲ್ಲ ಕಷ್ಟಗಳಿಗೂ ಯಹೂದ್ಯರೇ ಕಾರಣ, ಒಳಗಿನ ದ್ರೋಹಿಗಳೇ ಕಾರಣ ಎಂದು ಬೆರಳು ಮಾಡಿ ತೋರಿಸುವವನು ಅಂಥ ಹೊತ್ತಿನಲ್ಲಿ ಬಂಧುವಿನಂತೆ ಕಾಣುತ್ತಾನೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆಯಿತು. ನಾಜಿಗಳು 20 ಲಕ್ಷ ಮತಗಳನ್ನು ಕಳೆದುಕೊಂಡರು, ಸ್ಥಾನಗಳು 196ಕ್ಕೆ ಇಳಿದವು. ಮೂವರು ಮತದಾರರಲ್ಲಿ ಇಬ್ಬರು ಅವರಿಗೆ ವಿರುದ್ಧವಾಗಿದ್ದರು. ಪ್ರವಾಹ ಇಳಿಯುತ್ತಿದ್ದ ಹೊತ್ತಿನಲ್ಲಿ ಒಡ್ಡನ್ನು ಕಡಿದವರು ಯಾರೆಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಒಡ್ಡು ಮೊದಲೇ ಸಡಿಲವಾಗಿತ್ತು. ಆಪತ್ಕಾಲದಲ್ಲಿ ಸಂಸತ್ತನ್ನು ಬದಿಗಿಟ್ಟು ಸುಗ್ರೀವಾಜ್ಞೆಗಳ ಮೂಲಕ ಆಳುವ ಅಧಿಕಾರವನ್ನು 1919ರ ಜರ್ಮನ್ ಸಂವಿಧಾನದ 48ನೆಯ ವಿಧಿ ಅಧ್ಯಕ್ಷನಿಗೆ ಕೊಟ್ಟಿತ್ತು. ನಿರುದ್ಯೋಗ ವಿಮೆಯ ವಂತಿಗೆಯನ್ನು ಯಾರು ಎಷ್ಟು ಹೊರಬೇಕೆಂಬ ಜಗಳದಲ್ಲಿ 1930ರ ಮಾರ್ಚಿನಲ್ಲಿ ಬಹುಮತದ ಸರ್ಕಾರ ಮುರಿದುಬಿದ್ದ ಮೇಲೆ, ಆಪತ್ಕಾಲದ ಈ ಮದ್ದು ನಿತ್ಯದ ಆಹಾರವಾಯಿತು. 1932ರಲ್ಲಿ ಸಂಸತ್ತು ಅಂಗೀಕರಿಸಿದ ಶಾಸನಗಳು ಐದೇ ಐದು. ಸುಗ್ರೀವಾಜ್ಞೆಗಳಾದರೋ ಸುಮಾರು 60. ಸಂಸತ್ತು ಇಲ್ಲದೆಯೂ ನಾಡು ನಡೆಯುತ್ತದೆಂಬ ಅಭ್ಯಾಸ ಜನರಿಗೆ ಹಿಟ್ಲರನು ಬರುವ ಮೊದಲೇ ಆಗಿಹೋಗಿತ್ತು. ಅವನನ್ನು ಎದುರಿಸಬೇಕಾಗಿದ್ದ ಕಾರ್ಮಿಕ ಪಕ್ಷಗಳೆರಡೂ ಒಂದನ್ನೊಂದು ಹಳಿಯುವುದರಲ್ಲಿ ಮುಳುಗಿದ್ದವು. ಕಮ್ಯೂನಿಸ್ಟರಂತೂ ಸೋಷಿಯಲ್ ಡೆಮೊಕ್ರಾಟರನ್ನೇ ಫ್ಯಾಸಿಸ್ಟರ ಒಂದು ಬಗೆಯೆಂದು ಜರೆಯುತ್ತಿದ್ದರು. ನೆರೆಮನೆಯವನೊಡನೆ ಬೇಲಿಯ ಜಗಳದಲ್ಲಿದ್ದವರಿಗೆ ಊರಿಗೆ ಬಿದ್ದ ಬೆಂಕಿ ಕಾಣಿಸಲಿಲ್ಲ.

ಕೊನೆಗೆ ಕದ ತೆರೆದದ್ದು ಜನರ ಮತವಲ್ಲ, ಅರಮನೆಯ ಒಳಕೋಣೆಯ ಸಂಚು. ಹಿಂದೆ ಪ್ರಧಾನಿಯ ಪದವಿಯಾದ ಚಾನ್ಸಲರ್ ಸ್ಥಾನದಲ್ಲಿದ್ದು ಅದನ್ನು ಕಳೆದುಕೊಂಡಿದ್ದ ಫ್ರಾನ್ಜ್ ಫಾನ್ ಪಾಪೆನ್, ತನ್ನ ಪ್ರತಿಸ್ಪರ್ಧಿಯನ್ನು ಕೆಳಗಿಳಿಸುವ ಹಟದಿಂದ, ಹಿಟ್ಲರನನ್ನು ಆ ಪದವಿಗೆ ನೇಮಿಸುವಂತೆ ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗನನ್ನು ಒಪ್ಪಿಸಿದನು. ಮಂತ್ರಿಮಂಡಲದಲ್ಲಿ ಹಿಟ್ಲರನ ಹೊರತು ನಾಜಿಗಳು ಇಬ್ಬರೇ ಇರುತ್ತಾರೆ, ಉಳಿದವರೆಲ್ಲ ನಮ್ಮವರು, ಅವನ ಜನಪ್ರಿಯತೆ ನಮ್ಮ ಕೆಲಸಕ್ಕೆ ಬರುತ್ತದೆ, ಅವನ ಮೂಗುದಾರ ನಮ್ಮ ಕೈಯಲ್ಲಿರುತ್ತದೆ ಎಂದು ಈ ಕುಲೀನರು ಲೆಕ್ಕ ಹಾಕಿದರು. 1933ರ ಜನವರಿ 30ರಂದು ಹಿಟ್ಲರನು ಚಾನ್ಸಲರನಾದನು. ಭಸ್ಮಾಸುರನಿಗೆ ವರವಿತ್ತ ಶಿವನು ಓಡಬೇಕಾಯಿತೆಂದು ನಮ್ಮ ಪುರಾಣ ಹೇಳುತ್ತದೆ. ಅಲ್ಲಿ ರಕ್ಷಿಸಲು ಮೋಹಿನಿ ಬಂದಳು. ಜರ್ಮನಿಯಲ್ಲಿ ಯಾರೂ ಬರಲಿಲ್ಲ.

ಆ ಮೇಲಿನ ವೇಗವನ್ನು ಗಮನಿಸಬೇಕು. ಫೆಬ್ರವರಿ 27ರ ರಾತ್ರಿ ಸಂಸತ್ತಿನ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ, ಅದೇ 48ನೆಯ ವಿಧಿಯ ಬಲದಿಂದ, ಮಾತಿನ ಸ್ವಾತಂತ್ರ್ಯ, ಪತ್ರಿಕೆಗಳ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯಗಳೆಲ್ಲ ಅಮಾನತಿನಲ್ಲಿ ಇಡಲ್ಪಟ್ಟವು. ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆಯಾದರು. ಇಷ್ಟಾದರೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ ಅರ್ಧದಷ್ಟು ಮತವೂ ದೊರೆಯಲಿಲ್ಲ. ಮಾರ್ಚ್ 23ರಂದು, ಸಂಸತ್ತಿನ ಒಪ್ಪಿಗೆಯಿಲ್ಲದೆ ಶಾಸನಗಳನ್ನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ ಬಂದಿತು. ಸಭೆ ಸೇರಿದ ನಾಟಕಶಾಲೆಯೊಳಗೆ ಸಮವಸ್ತ್ರಧಾರಿಗಳಾದ ನಾಜಿ ದಳದವರು ಸಾಲುಗಟ್ಟಿ ನಿಂತಿದ್ದರು. ಕಮ್ಯೂನಿಸ್ಟ್ ಸದಸ್ಯರು ಸೆರೆಮನೆಯಲ್ಲೋ ತಲೆಮರೆಸಿಕೊಂಡೋ ಇದ್ದರು. ಸೋಷಿಯಲ್ ಡೆಮೊಕ್ರಾಟರ ನಾಯಕನಾದ ಆಟೊ ವೆಲ್ಸ್ ಎದ್ದು ನಿಂತು, ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ನೀವು ಕಿತ್ತುಕೊಳ್ಳಬಹುದು, ಮಾನವನ್ನು ಕಿತ್ತುಕೊಳ್ಳಲಾರಿರಿ ಎಂಬ ಅರ್ಥದ ಮಾತನ್ನಾಡಿದನು. ಹಾಜರಿದ್ದ ಅವನ ಪಕ್ಷದ 94 ಮಂದಿಯೂ ವಿರೋಧವಾಗಿ ಮತ ಕೊಟ್ಟರು. ಉಳಿದ ಪಕ್ಷಗಳು, ಭಯದಿಂದ ಕೆಲವು, ವಚನಗಳನ್ನು ನಂಬಿ ಕೆಲವು, ಪರವಾಗಿ ನಿಂತವು. ಪರವಾದ ಮತಗಳು 444. ಸಂಸತ್ತು ತನ್ನ ಕೈಯಿಂದಲೇ ತನ್ನ ಮರಣಶಾಸನವನ್ನು ಬರೆದುಕೊಂಡಿತು. ಜುಲೈ 14ರ ಹೊತ್ತಿಗೆ ನಾಜಿ ಪಕ್ಷವೊಂದನ್ನು ಬಿಟ್ಟು ಬೇರೆ ಪಕ್ಷವೇ ಇರಕೂಡದೆಂಬ ಶಾಸನವಾಯಿತು. ಪರವಾಗಿ ಮತ ಕೊಟ್ಟಿದ್ದ ಪಕ್ಷಗಳೂ ಅಷ್ಟರಲ್ಲಿ ಅಳಿದುಹೋಗಿದ್ದವು. ಅಧಿಕಾರಕ್ಕೆ ಬಂದ ದಿನದಿಂದ ಲೆಕ್ಕ ಹಾಕಿದರೆ ಇದಕ್ಕೆಲ್ಲ ಹಿಡಿದದ್ದು ಆರು ತಿಂಗಳೂ ಅಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕಾಲವೇ ಕೆಟ್ಟದ್ದಾಗಿತ್ತು, ಹಸಿವೂ ಅವಮಾನವೂ ತಾಂಡವವಾಡುತ್ತಿದ್ದಾಗ ಆದದ್ದು ಆಗಿಯೇ ತೀರುತ್ತಿತ್ತು, ಕೆಲವರನ್ನು ದೂಷಿಸಿ ಫಲವೇನು ಎಂದು ಕೇಳಬಹುದು. ಅದೇ ಕಾಲದ ಬೇರೆ ಎರಡು ದೇಶಗಳ ಕಡೆಗೆ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಫಿನ್ಲೆಂಡಿನಲ್ಲಿ ಲಾಪುವ ಚಳವಳಿ ಎಂಬ ಉಗ್ರ ಪಂಥ ಎದುರಾಳಿಗಳನ್ನು ಅಪಹರಿಸುತ್ತಿತ್ತು. 1930ರಲ್ಲಿ ಮಾಜಿ ಅಧ್ಯಕ್ಷನೊಬ್ಬನನ್ನೇ ಹೊತ್ತೊಯ್ದಿತ್ತು. 1932ರ ಆರಂಭದಲ್ಲಿ ಅದರವರು ಮ್ಯಾಂಟ್ಸಾಲ ಎಂಬಲ್ಲಿ ಆಯುಧಪಾಣಿಗಳಾಗಿ ಸೇರಿ ಸರ್ಕಾರವನ್ನು ಉರುಳಿಸಹೊರಟರು. ಆಗ ಅಧ್ಯಕ್ಷನಾಗಿದ್ದ ಸ್ವಿನ್‌ಹುವುಡ್ ಸಂಪ್ರದಾಯವಾದಿ, ಆ ಚಳವಳಿಯ ಬೆಂಬಲದಿಂದಲೇ ಆ ಪದವಿಗೆ ಬಂದವನು. ಆದರೂ ಅವನು ರೇಡಿಯೋದಲ್ಲಿ ಮಾತನಾಡಿ, ಸುಮ್ಮನೆ ಮನೆಗೆ ಹಿಂದಿರುಗಿರೆಂದು ಸೇರಿದವರಿಗೆ ಆಜ್ಞಾಪಿಸಿದನು. ಗುಂಪು ಚೆದುರಿತು, ನಾಯಕರು ಸೆರೆಯಾದರು, ಚಳವಳಿ ನಿಷಿದ್ಧವಾಯಿತು. ಇಟಲಿಯ ದೊರೆ ಹಾಕದೆ ಹೋದ ರುಜುವನ್ನು ಫಿನ್ಲೆಂಡಿನ ಅಧ್ಯಕ್ಷ ಹಾಕಿದನೆಂದು ಹೇಳಬಹುದು.

ಬೆಲ್ಜಿಯಮಿನಲ್ಲಿ ಲಿಯೋನ್ ಡೆಗ್ರೆಲ್ ಎಂಬ ಯುವಕನ ಫ್ಯಾಸಿಸ್ಟ್ ಮಾದರಿಯ ಪಕ್ಷ 1936ರಲ್ಲಿ 21 ಸ್ಥಾನಗಳನ್ನು ಗಳಿಸಿತ್ತು. 1937ರ ಏಪ್ರಿಲಿನಲ್ಲಿ ಬ್ರಸೆಲ್ಸಿನಲ್ಲಿ ನಡೆದ ಉಪಚುನಾವಣೆಯಲ್ಲಿ ಅವನು ಕಣಕ್ಕಿಳಿದನು. ಪ್ರಧಾನಮಂತ್ರಿ ಫಾನ್ ಜೀಲಾಂಡ್ ಅವನಿಗೆ ಎದುರಾಗಿ ನಿಂತಾಗ, ಪರಸ್ಪರ ಕಾದಾಡುತ್ತಿದ್ದ ಕ್ಯಾಥೊಲಿಕ್, ಲಿಬರಲ್, ಸಮಾಜವಾದಿ ಪಕ್ಷಗಳೂ ಕಮ್ಯೂನಿಸ್ಟರೂ ತಮ್ಮ ಜಗಳವನ್ನು ಬದಿಗಿಟ್ಟು ಅವನನ್ನು ಬೆಂಬಲಿಸಿದರು. ಮುಕ್ಕಾಲು ಪಾಲು ಮತಗಳು ಪ್ರಧಾನಮಂತ್ರಿಗೆ ಬಿದ್ದವು. ಎರಡು ವರ್ಷದ ಮೇಲೆ ಡೆಗ್ರೆಲನ ಪಕ್ಷಕ್ಕೆ ಉಳಿದದ್ದು ನಾಲ್ಕೇ ಸ್ಥಾನ. ಆರ್ಥಿಕ ಮುಗ್ಗಟ್ಟು ಈ ದೇಶಗಳನ್ನೂ ಬಿಟ್ಟಿರಲಿಲ್ಲ. ಕದ ತಟ್ಟುವವರು ಇಲ್ಲಿಯೂ ಇದ್ದರು. ತೆರೆಯುವ ಕೈಗಳು ಮಾತ್ರ ಇರಲಿಲ್ಲ.

ಇನ್ನು ಕೆಲವರು, ಸರ್ವಾಧಿಕಾರದಿಂದ ಶಿಸ್ತು ಬರುತ್ತದೆ, ಕೆಲಸಗಳು ಬೇಗ ಆಗುತ್ತವೆ ಎನ್ನುತ್ತಾರೆ. ಹಿಟ್ಲರನ ಕಾಲದಲ್ಲಿ ಜರ್ಮನಿಯ ನಿರುದ್ಯೋಗ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಇಲ್ಲವಾದುದು ನಿಜ. ಆದರೆ ಆ ಉದ್ಯೋಗದ ಬಹುಭಾಗ ಶಸ್ತ್ರಾಸ್ತ್ರಗಳ ತಯಾರಿಕೆಯಿಂದ ಬಂದದ್ದು. ಅದರ ಲೆಕ್ಕ 1939ರ ಸೆಪ್ಟೆಂಬರ್ 1ರಂದು ಆರಂಭವಾದ ಮಹಾಯುದ್ಧದಲ್ಲಿ ಚುಕ್ತವಾಯಿತು. ಆ ಯುದ್ಧದಲ್ಲಿ 5 ಕೋಟಿಗೂ ಹೆಚ್ಚು ಜನ ಸತ್ತರು. ಯಹೂದ್ಯರಾಗಿ ಹುಟ್ಟಿದ್ದೇ ಅಪರಾಧವೆಂದು ಕೊಲ್ಲಲ್ಪಟ್ಟವರು ಸುಮಾರು 60 ಲಕ್ಷ. ಹೊರಗಿನ ಥಳಕನ್ನು ಕಂಡು ಮೋಸಹೋಗುವುದು ದೊಡ್ಡವರಿಗೂ ತಪ್ಪಿದ್ದಲ್ಲ. 1926ರಲ್ಲಿ ಮುಸೊಲಿನಿಯ ಸರ್ಕಾರದ ಅತಿಥಿಯಾಗಿ ಇಟಲಿಗೆ ಹೋದ ರವೀಂದ್ರನಾಥ ಠಾಕೂರರು ಆಡಿದ ಮೆಚ್ಚಿಕೆಯ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಡಂಗುರ ಹೊಡೆದವು. ಫ್ಯಾಸಿಸ್ಟರ ಹಿಂಸೆಯ ವಿಷಯ ರೊಮೇನ್ ರೊಲಾ ಮೊದಲಾದವರಿಂದ ತಿಳಿದೊಡನೆ ಠಾಕೂರರು ಬಹಿರಂಗವಾಗಿ ಪತ್ರ ಬರೆದು ಆ ಪಂಥವನ್ನು ಖಂಡಿಸಿದರು. ಹತ್ತು ವರ್ಷದ ಮೇಲೆ, 1936ರ ಮಾರ್ಚಿನಲ್ಲಿ, ರೋಮಿನ ಮಾರ್ಗವಾಗಿ ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಜವಾಹರಲಾಲ್ ನೆಹರೂ ಅವರು ಮುಸೊಲಿನಿಯ ಆಹ್ವಾನವನ್ನು ಒಪ್ಪಿಕೊಳ್ಳಲೇ ಇಲ್ಲ.

ನಿಮ್ಮ ವಯಸ್ಸಿನ ವಿದ್ಯಾರ್ಥಿಗಳಿಗೆ ಆ ನಾಡಿನಲ್ಲಿ ಏನಾಯಿತೆಂಬುದನ್ನೂ ತಿಳಿಯಬೇಕು. ಯಾವುದೇ ಸರ್ವಾಧಿಕಾರ ಬಲು ಬೇಗ ಕೈಹಾಕುವುದು ಶಾಲೆಗೆ. ಜನಾಂಗಗಳಲ್ಲಿ ಮೇಲು ಕೀಳು ಉಂಟೆಂಬ ಸುಳ್ಳನ್ನು ವಿಜ್ಞಾನವೆಂದು ಬೋಧಿಸಲಾಯಿತು. ಗಣಿತದ ಪುಸ್ತಕದಲ್ಲಿ ಅಂಗವಿಕಲರ ಪೋಷಣೆಗೆ ತಗಲುವ ವೆಚ್ಚದ ಲೆಕ್ಕಗಳನ್ನು ಕೊಟ್ಟು, ಅವರು ನಾಡಿಗೆ ಹೊರೆಯೆಂಬ ಭಾವನೆಯನ್ನು ಎಳೆಯ ಮನಸ್ಸುಗಳಲ್ಲಿ ಬಿತ್ತಲಾಯಿತು. 1939ರಿಂದ ಅಂಥವರನ್ನು ಗುಟ್ಟಾಗಿ ಕೊಲ್ಲುವ ಕೆಲಸವೂ ನಡೆಯಿತು. 1938ರ ನವೆಂಬರಿನಲ್ಲಿ ಯಹೂದ್ಯ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರದೂಡಿದರು. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ಸ್ಥಳ ಇಂದು ಬರಿದಾಗಿತ್ತು. ಏಕೆಂದು ಕೇಳುವವರಿರಲಿಲ್ಲ. ಯುದ್ಧ ಸೋಲುವ ಹಂತಕ್ಕೆ ಬಂದಾಗ, 1944ರ ಕೊನೆಯಲ್ಲಿ, ಹದಿನಾರು ವರ್ಷದ ಹುಡುಗರ ಕೈಗೂ ಬಂದೂಕು ಕೊಟ್ಟು ಸಾಯಲು ಕಳುಹಿಸಿದರು. ಮೆರವಣಿಗೆಯ ಬಾಜಾಬಜಂತ್ರಿಗೆ ಹೆಜ್ಜೆ ಹಾಕಿದ ಮಕ್ಕಳಿಗೆ ಆ ಹಾದಿ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ಈ ಪಾಠವನ್ನು ನಮ್ಮ ಸಂವಿಧಾನವನ್ನು ರಚಿಸಿದವರು ಮರೆತಿರಲಿಲ್ಲ. 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆ ತುರ್ತುಪರಿಸ್ಥಿತಿಯ ವಿಧಿಗಳನ್ನು ಚರ್ಚಿಸುತ್ತಿದ್ದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಎದ್ದು ನಿಂತು, ಇಂಥ ವಿಧಿಗಳನ್ನು ಉಪಯೋಗಿಸಿಕೊಂಡೇ ಹಿಟ್ಲರನು ಜರ್ಮನಿಯ ಸಂವಿಧಾನವನ್ನು ನಾಶಮಾಡಿದನೆಂದು ಎಚ್ಚರಿಸಿದರು. 1975ರ ಜೂನಿನಿಂದ 1977ರ ಮಾರ್ಚಿನವರೆಗೆ ನಮ್ಮ ದೇಶವೂ ತುರ್ತುಪರಿಸ್ಥಿತಿಯನ್ನು ಕಂಡಿತು. ಸಾವಿರಾರು ಜನ ವಿಚಾರಣೆಯಿಲ್ಲದೆ ಸೆರೆಯಾದರು, ಪತ್ರಿಕೆಗಳ ಬಾಯಿ ಕಟ್ಟಲ್ಪಟ್ಟಿತು. ಆದರೆ ಇಲ್ಲಿ ಚುನಾವಣೆ ಮತ್ತೆ ನಡೆಯಿತು, ಜನ ತಮ್ಮ ತೀರ್ಪನ್ನು ಕೊಟ್ಟರು. 1978ರ 44ನೆಯ ತಿದ್ದುಪಡಿಯು, ಜೀವದ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿ ಇಡಕೂಡದೆಂದು ವಿಧಿಸಿತು. ಸಡಿಲವಾದ ಅಗುಳಿಯನ್ನು ಅನುಭವದಿಂದ ಬಿಗಿಗೊಳಿಸಿದ ರೀತಿ ಇದು. ಡಾ. ಅಂಬೇಡ್ಕರರು 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಮಾತ್ರ ಅಧೋಗತಿಗೂ ಕಡೆಗೆ ಸರ್ವಾಧಿಕಾರಕ್ಕೂ ದಾರಿಯೆಂಬ ಅರ್ಥದ ಮಾತನ್ನು ಹೇಳಿದರು. ಆ ಮಾತಿನ ಹಿಂದೆ ಯುರೋಪು ಕಂಡ ಆ ಇಪ್ಪತ್ತು ವರ್ಷಗಳ ಅನುಭವವೂ ನಿಂತಿದೆ.

ಪ್ರಜಾಪ್ರಭುತ್ವವೆಂಬ ಮನೆಗೆ ಕಾವಲುಗಾರನು ಒಬ್ಬನೇ ಅಲ್ಲ. ಸಹಿ ಹಾಕುವ ದೊರೆ, ಮತ ನೀಡುವ ಸದಸ್ಯ, ಪ್ರಮಾಣವಚನ ಮಾಡುವ ಪ್ರಾಧ್ಯಾಪಕ, ಗೂಂಡಾಗಳನ್ನು ಕಂಡು ಮುಖ ತಿರುಗಿಸುವ ಪೊಲೀಸಿನವನು, ಪಕ್ಕದ ಸ್ಥಳ ಬರಿದಾದರೂ ಸುಮ್ಮನಿರುವ ಸಹಪಾಠಿ, ಇವರೆಲ್ಲರ ಕೈಯಲ್ಲಿಯೂ ಅದರ ಬೀಗದ ಕೈ ಉಂಟು. ಇಟಲಿ ಜರ್ಮನಿಗಳಲ್ಲಿ ಕದ ತೆರೆದವರಲ್ಲಿ ರಾಕ್ಷಸರು ಕೆಲವರೇ. ಹೆಚ್ಚಿನವರು ಜಾಣರೆನ್ನಿಸಿಕೊಂಡವರು, ಅಂಜುಬುರುಕರು, ತಮ್ಮ ಪಾಡಿಗೆ ತಾವಿದ್ದವರು. ಇದೊಂದು ಸಲ ಇರಲಿ, ಇವನೊಬ್ಬನಿಗೆ ಆಗಲಿ, ನಮಗೇನು ಎಂಬ ಮೂರು ಮಾತುಗಳು ಅವರ ಬಾಯಲ್ಲಿದ್ದವು. ಉಗುರಿನಿಂದ ಚಿವುಟಬಹುದಾದುದನ್ನು ಬಿಟ್ಟರೆ ಮುಂದೆ ಕೊಡಲಿಯೂ ಸಾಲದಾಗುತ್ತದೆ. ಒಬ್ಬನನ್ನು ಅವನ ಹುಟ್ಟಿಗಾಗಿ ಹೀನಾಯ ಮಾಡಿದಾಗ, ಎದುರು ಮಾತನಾಡಿದವನನ್ನು ದ್ರೋಹಿಯೆಂದು ಕರೆದಾಗ, ನಾಯಕನು ಶಾಸನಕ್ಕಿಂತ ಮೇಲಿನವನೆಂದು ಯಾರಾದರೂ ಸಾರಿದಾಗ ಅಲ್ಲಿಯೇ, ಆಗಲೇ, ಇದು ಕೂಡದು ಎನ್ನುವವನೇ ನಾಡಿನ ನಿಜವಾದ ಕಾವಲುಗಾರನು. ಹಾಗೆ ಹೇಳಲು ವಯಸ್ಸಾಗಲಿ ಪದವಿಯಾಗಲಿ ಬೇಕಾಗಿಲ್ಲ. ಆ ಮಾತನ್ನು ಆಡುವ ಸಂದರ್ಭ ತರಗತಿಯಲ್ಲಿಯೂ ಆಟದ ಬಯಲಿನಲ್ಲಿಯೂ ನಿಮಗೆ ಒದಗಬಹುದು. ಅಲ್ಲಿ ಆಡಲು ಕಲಿತವನು ಮುಂದೆ ಸಭೆಯಲ್ಲಿಯೂ ಆಡಬಲ್ಲನು.